ಎರಡು ವರದಿಗಳಲ್ಲಿ ಸುಳ್ಳು ಯಾವುದು?

ಮದ್ದೂರಿನ ಓದುಗರಿಗೆ ನಮಸ್ಕಾರ.

ಮೂತ್ರದ ಸೋಂಕು ರಕ್ತಕ್ಕೇರಿ ಮೈಸೂರಿನ ಆಸ್ಪತ್ರೆಯೊಂದರ ಐಸಿಯು ಸೇರಿದ ನಿಮ್ಮ ತಂದೆಯವರಿಗೆ ಮೊದಲ ದಿನವೇ ಮಾಡಿದ, ಬ್ಯಾಕ್ಟೀರಿಯಾದ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆಯಲ್ಲಿ ‘ಎನ್‌ಡಿಎಂ ಪತ್ತೆಯಾಗಿದೆ’ ಎಂದಿತ್ತು. ಎನ್‌ಡಿಎಂ ಎಂದರೆ ಮೆರೊಪೆನೆಮ್‌ನಂಥ ಪ್ರಬಲ ಆಂಟಿಬಯೋಟಿಕ್‌ಗಳು ನಾಟದಂತೆ ಮಾಡುವ ಜೀನ್. ಮೂರು ದಿನಗಳ ಬಳಿಕ ಬಂದ, ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ವರದಿಯಲ್ಲಿ ಮೆರೊಪೆನೆಮ್ ಕೆಲಸ ಮಾಡುತ್ತದೆ ಎಂದಿತ್ತು. ಎರಡಕ್ಕೂ ಹಣ ಕಟ್ಟಿಸಿಕೊಂಡವರು ಯಾವುದು ಸುಳ್ಳೆಂದು ಮಾತ್ರ ಹೇಳಲಿಲ್ಲ ಎಂಬುದು ನಿಮ್ಮ ದೂರು. ತಂದೆಯವರು ಗುಣವಾಗಿ ಮನೆಗೆ ಬಂದಿದ್ದಾರೆಂಬ ಕೊನೆಯ ಸಾಲು ಓದಿ ಸಮಾಧಾನವಾಯಿತು.

ನೀವು ಲಗತ್ತಿಸಿರುವ ಜೆರಾಕ್ಸ್ ಪ್ರತಿಗಳಲ್ಲಿ ರೋಗಿಯ ಹೆಸರಿನ ಕೆಳಗಿರುವ ಸಣ್ಣಕ್ಷರದ ಸಾಲನ್ನು ನೋಡಿ. ಮೊದಲನೆಯದರಲ್ಲಿ ಮಾದರಿ ‘ರೆಕ್ಟಲ್ ಸ್ವ್ಯಾಬ್’, ಎರಡನೆಯದರಲ್ಲಿ ‘ಬ್ಲಡ್’. ಗುದದ್ವಾರದಿಂದ ಹತ್ತಿಕಡ್ಡಿಯಲ್ಲಿ ತೆಗೆದ ಮಾದರಿಯು ಕರುಳಿನಲ್ಲಿ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾಗಳ ವಿಷಯ ಹೇಳುತ್ತದೆ. ಜ್ವರ ತಂದದ್ದು ಯಾವುದೆಂದು ರಕ್ತವೇ ಹೇಳಬೇಕು. ಎನ್‌ಡಿಎಂ ಜೀನ್ ಹೊತ್ತ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಕರುಳಿನಲ್ಲಿ ತೆಪ್ಪಗಿರುವಾಗಲೇ, ಆ ಜೀನ್ ಇಲ್ಲದ ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಿರಬಹುದು. ಆದ್ದರಿಂದ ಎರಡೂ ವರದಿಗಳು ನಿಜವಾಗಿರಬಹುದು. ಇದನ್ನು ನಿಮಗೆ ಎರಡು ಮಾತಿನಲ್ಲಿ ತಿಳಿಸುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲವೆಂಬುದು ನನಗೂ ಬೇಸರದ ಸಂಗತಿ.

ಕಲ್ಚರ್‌ಗೆ ಮೂರು ದಿನ ಏಕೆ ಎಂದರೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕಾಯಲೇಬೇಕು. ರಕ್ತ ತುಂಬಿದ ಬಾಟಲಿಯನ್ನು ಬೆಚ್ಚಗಿನ ಯಂತ್ರದಲ್ಲಿಡುತ್ತಾರೆ. ಬ್ಯಾಕ್ಟೀರಿಯಾ ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ, ಕೆಲವು ಬಗೆಯ ಬಾಟಲಿಗಳಲ್ಲಿ, ತಳದ ಬಿಲ್ಲೆ ಹಳದಿಗೆ ತಿರುಗುತ್ತದೆ. ಆಮೇಲೆ ತಟ್ಟೆಯ ಮೇಲೆ ಒಂದು ರಾತ್ರಿ ಬೆಳೆಸಿ, ಯಾವ ಔಷಧಿಗೆ ಅದು ಸಾಯುತ್ತದೆಂದು ನೋಡಲು ಬಹುತೇಕ ಇನ್ನೊಂದು ದಿನ ಬೇಕು. ಪಿಸಿಆರ್‌ಗೆ ಈ ಕಾಯುವಿಕೆ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯ ಪತ್ತೆಗೆ ಬಳಸುವ ಸಿಬಿನ್ಯಾಟ್ ಯಂತ್ರದಂಥದ್ದೇ ಯಂತ್ರದಲ್ಲಿ ಕಾರ್ಟ್ರಿಜ್ ಹಾಕಿದರೆ, ಕೆಪಿಸಿ, ಎನ್‌ಡಿಎಂ, ವಿಐಎಂ, ಐಎಂಪಿ, ಆಕ್ಸಾ-48 ಎಂಬ, ಔಷಧಿ ನಾಟದಂತೆ ಮಾಡುವ ಐದು ಬಗೆಯ ಜೀನ್‌ಗಳ ಸುಳಿವು ಸುಮಾರು ಒಂದು ಗಂಟೆಯಲ್ಲಿ ಸಿಗುತ್ತದೆ.

ಆದರೆ ಹುಡುಕಿದ ಐದರಾಚೆಗೆ ಅದಕ್ಕೆ ಕಣ್ಣಿಲ್ಲ. ನಮ್ಮ ಐಸಿಯುಗಳನ್ನು ಕಾಡುವ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಲ್ಲಿ ಹೆಚ್ಚಾಗಿ ಇರುವುದು ಆಕ್ಸಾ-23 ಎಂಬ ಜೀನ್. ಅದು ಈ ಪಟ್ಟಿಯಲ್ಲೇ ಇಲ್ಲ. ‘ಪತ್ತೆಯಾಗಿಲ್ಲ’ ಎಂಬ ವರದಿಯನ್ನು ‘ಔಷಧಿ ನಾಟುತ್ತದೆ’ ಎಂದು ಓದಿಕೊಳ್ಳುವುದು ಅಪಾಯ. ಹಾಗಾಗಿ ಇದು ಕಲ್ಚರ್‌ನ ಬದಲಿಗೆ ಮಾಡುವ ಪರೀಕ್ಷೆಯಲ್ಲ. ಯಾವ ಜೀನ್ ಎಂಬುದರ ಮೇಲೆ ಔಷಧಿಯೂ ಬದಲಾಗುತ್ತದೆ: ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಎಂಬ ಔಷಧಿ ಸಾಮಾನ್ಯವಾಗಿ ಕೆಪಿಸಿ ಮತ್ತು ಆಕ್ಸಾ-48 ಇರುವ ಬ್ಯಾಕ್ಟೀರಿಯಾವನ್ನು ಬಗ್ಗಿಸುತ್ತದೆ; ಎನ್‌ಡಿಎಂ ಎದುರು ಅದೊಂದೇ ಸಾಲದು, ಜೊತೆಗೆ ಅಜ್ಟ್ರಿಯೊನಾಮ್ ಎಂಬ ಇನ್ನೊಂದು ಔಷಧಿ ಸೇರಿಸುತ್ತಾರೆ. (2009ರಲ್ಲಿ ವರದಿಯಾದ ಈ ಜೀನ್‌ನ ಹೆಸರಿನಲ್ಲಿರುವ ‘ಎನ್‌ಡಿ’ ನಮ್ಮ ನವದೆಹಲಿಯೇ, ಆ ಹೆಸರಿನ ಬಗ್ಗೆ ಎದ್ದ ಗದ್ದಲ ನಿಮಗೆ ನೆನಪಿರಬಹುದು.)

ತಂದೆಯವರನ್ನು ಬೇರೆ ಕೋಣೆಗೆ ಹಾಕಿ, ಗೌನು ಗ್ಲೌಸು ತೊಟ್ಟೇ ಬರುತ್ತಿದ್ದರು ಎಂದು ನೊಂದು ಬರೆದಿದ್ದೀರಿ. ಸ್ವ್ಯಾಬ್ ತೆಗೆದದ್ದೇ ಅದಕ್ಕಾಗಿ. ಆ ಜೀನ್ ಹೊತ್ತ ಬ್ಯಾಕ್ಟೀರಿಯಾ ಕೈಯಿಂದ ಕೈಗೆ ದಾಟಿ ಪಕ್ಕದ ಹಾಸಿಗೆ ಸೇರಬಾರದೆಂದು. ಹಣದ ವಿಷಯದಲ್ಲಿ ಮಾತ್ರ ನಿಮ್ಮ ಅನುಮಾನ ಪೂರ್ತಿ ತಪ್ಪೆನ್ನಲಾರೆ. ಸಂಜೆ ಬಂದ ವರದಿಯನ್ನು ಮರುದಿನದ ರೌಂಡ್ಸ್‌ವರೆಗೆ ಫೈಲಿನಲ್ಲೇ ಇಟ್ಟರೆ ದುಬಾರಿ ಹಣ ಕೊಟ್ಟು ಪಡೆದ ವೇಗ ವ್ಯರ್ಥ. ‘ಈ ವರದಿ ಬಂದ ಮೇಲೆ ಏನು ಬದಲಿಸಿದಿರಿ, ಸಾರ್?’ ಎಂದು ಕೇಳುವ ಹಕ್ಕು ನಿಮಗಿತ್ತು.

ಸ್ವ್ಯಾಬ್ ವರದಿಯನ್ನು ಎಸೆಯಬೇಡಿ. ಇಂಥ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ಮುಂದೆ ಮಂಡ್ಯದಲ್ಲೇ ಆಗಲಿ, ಮೈಸೂರಿನಲ್ಲೇ ಆಗಲಿ ದಾಖಲಾದರೆ ಆ ಹಾಳೆಯನ್ನು ಮೊದಲು ತೋರಿಸಿ.

– ಸಂಪಾದಕ