4 ವರ್ಷದ ಮಗ ಸಿಹಿ ಬಿಟ್ಟು ಏನೂ ತಿನ್ನುತ್ತಿಲ್ಲ, ಸಕ್ಕರೆ ಬದಲು ಬೆಲ್ಲ ಕೊಟ್ಟರೆ ಆಗುತ್ತಾ?

ಬೆಲ್ಲದ ವಿಷಯ ಮೊದಲು ಮುಗಿಸಿಬಿಡೋಣ. ಅದರಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ಸ್ವಲ್ಪ ಕಬ್ಬಿಣದ ಅಂಶ ಇದ್ದರೂ ಮಗು ತಿನ್ನುವ ಚೂರಿನಲ್ಲಿ ಅದು ಲೆಕ್ಕಕ್ಕೆ ಬರಲ್ಲ. ಹಲ್ಲು ಹುಳುಕಾಗಲು ಎರಡೂ ಸಾಕು. 'ಬೆಲ್ಲ ತಾನೇ' ಅಂತ ಧೈರ್ಯವಾಗಿ ಇನ್ನೊಂದು ಚಮಚ ಹಾಕುತ್ತೇವೆ ನೋಡಿ, ತೊಂದರೆ ಅಲ್ಲೇ.

ಸಿಹಿ ಇಷ್ಟಪಡುತ್ತಾನೆ ಅಂತ ಗಾಬರಿಯಾಗಬೇಡಿ. ಹುಟ್ಟಿದ ಮಗುವಿಗೂ ಸಿಹಿ ಹಿಡಿಸುತ್ತದೆ, ತಾಯಿಯ ಹಾಲೇ ಸಿಹಿ. ದೊಡ್ಡವರಿಗಿಂತ ಮಕ್ಕಳಿಗೆ ಸಿಹಿ ಜಾಸ್ತಿ ಇಷ್ಟ. ಹದಿಹರೆಯದ ಹೊತ್ತಿಗೆ ಆ ಚಪಲ ತಾನಾಗಿ ತಗ್ಗುತ್ತದೆ.

ನನ್ನ ಕಣ್ಣಿಗೆ ಬಿದ್ದದ್ದು ನೀವು ಬರೆದ ದಿನಚರಿ. ಬೆಳಿಗ್ಗೆ ಪುಡಿ ಹಾಕಿದ ಹಾಲು, ಹತ್ತು ಗಂಟೆಗೆ ಬಿಸ್ಕತ್ತು, ಸಂಜೆ ಪ್ಯಾಕೆಟ್ ಜ್ಯೂಸ್, ಮಲಗುವಾಗ ಮತ್ತೆ ಹಾಲು. ಇದರ ಮಧ್ಯೆ ಅವನಿಗೆ ಹಸಿವಾಗುವುದು ಯಾವಾಗ? ಈ ವಯಸ್ಸಿಗೆ ಮೇಲಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ದಾಟಬಾರದು ಅನ್ನುತ್ತಾರೆ, ಅಂದರೆ ಸುಮಾರು 6 ಟೀ ಚಮಚ. 200 ಮಿಲಿಯ ಎಷ್ಟೋ ಜ್ಯೂಸ್ ಪ್ಯಾಕೆಟ್‌ಗಳಲ್ಲಿ 20 ಗ್ರಾಂಗಿಂತ ಜಾಸ್ತಿ ಇರುತ್ತದೆ. ಪೊಟ್ಟಣದ ಹಿಂದೆ ಓದಿ. ಯಾವುದು ಜಾಸ್ತಿಯೋ ಅದರ ಹೆಸರು ಮೊದಲು ಬರುತ್ತದೆ. ಹಾಲಿಗೆ ಬೆರೆಸುವ ಪುಡಿಗಳದ್ದೂ ಇದೇ ಕಥೆ. ಇಂಥವನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ವಾಣಿಜ್ಯ ಸಚಿವಾಲಯವೇ 2024ರ ಏಪ್ರಿಲ್‌ನಲ್ಲಿ ಹೇಳಿತ್ತು. ನಮ್ಮ ಆಹಾರ ಕಾನೂನಿನಲ್ಲಿ ಹಾಗೊಂದು ವರ್ಗವೇ ಇಲ್ಲ.

ಜ್ಯೂಸ್ ಮನೆಗೆ ತರುವುದನ್ನೇ ನಿಲ್ಲಿಸಿ. ಮನೆಯಲ್ಲಿಲ್ಲದ್ದಕ್ಕೆ ಅತ್ತರೂ ಎಷ್ಟು ಹೊತ್ತು ಅಳುತ್ತಾನೆ! ಪುಡಿಯನ್ನು ವಾರವಾರ ಅರ್ಧ ಚಮಚ ಇಳಿಸಿ, ನಾಲಿಗೆಗೆ ಗೊತ್ತೇ ಆಗಲ್ಲ. ಊಟಕ್ಕೆ ಮುಂಚೆ ಎರಡು ಗಂಟೆ ನೀರು ಬಿಟ್ಟು ಏನೂ ಬೇಡ. ಆಮೇಲೆ ನೀವು ತಿನ್ನುವುದನ್ನೇ ಅವನ ತಟ್ಟೆಗೂ ಒಂದು ಚಮಚ ಬಡಿಸಿ, ಸುಮ್ನಿರಿ. ಹೊಸ ರುಚಿ ಒಗ್ಗಲು ಹತ್ತು ಹದಿನೈದು ಸಲ ಬೇಕಾಗಬಹುದು. ನನ್ನ ಮಗಳು ಬೀನ್ಸ್ ಪಲ್ಯವನ್ನು ತಿಂಗಳುಗಟ್ಟಲೆ ತಟ್ಟೆಯಂಚಿಗೆ ತಳ್ಳಿ, ಒಂದು ದಿನ ಕೇಳಿ ಹಾಕಿಸಿಕೊಂಡಳು. ಹಾಗಲಕಾಯಿ ಇವತ್ತಿಗೂ ಮುಟ್ಟಲ್ಲ, ಇರಲಿ.

'ಪಲ್ಯ ಮುಗಿಸಿದ್ರೆ ಚಾಕ್ಲೇಟ್' ಅನ್ನುವ ಆಮಿಷ ಮಾತ್ರ ಬೇಡ. ಪಲ್ಯ ಶಿಕ್ಷೆ, ಚಾಕ್ಲೇಟ್ ಬಹುಮಾನ ಅಂತ ನಾವೇ ಕಲಿಸಿದ ಹಾಗಾಗುತ್ತದೆ. ಹಬ್ಬದ ದಿನ ಹೋಳಿಗೆಗೆ ಲೆಕ್ಕ ಹಾಕಲೇಬೇಡಿ. ಅಜ್ಜನ ಜೇಬಿನ ಪೆಪ್ಪರ್‌ಮೆಂಟ್ ನಿಲ್ಲಿಸುವುದು ಕಷ್ಟ, ಊಟ ಆದಮೇಲೆ ಕೊಡಿ ಅಂತ ಕೇಳಿಕೊಳ್ಳಿ.

ಒಂದು ಮಾತು, ಅವನು ದಿನಕ್ಕೆ ಅರ್ಧ ಲೀಟರ್‌ಗಿಂತ ಜಾಸ್ತಿ ಹಾಲು ಕುಡಿಯುತ್ತಿದ್ದರೆ, ಮುಖ ಬಿಳಿಚಿಕೊಂಡಿದ್ದರೆ, ಮಣ್ಣು ತಿನ್ನುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ. ರಕ್ತಹೀನತೆ ಇದ್ದರೂ ಊಟ ಸೇರಲ್ಲ.