ತಂಬಾಕಿನ ಕಂಪನಿ ಬೇಡ ಅಂದ್ರೆ ಲಾಭ ಕಡಿಮೆ ಆಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ಅವ್ವ ವರ್ಷಗಟ್ಟಲೆ ಬೀಡಿ ಕಟ್ಟಿದವಳು, ಈಗ ದಮ್ಮಿನಿಂದ ಒದ್ದಾಡ್ತಾಳೆ. ನನ್ನ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು) ದುಡ್ಡು ತಂಬಾಕು ಕಂಪನಿಗೆ ಹೋಗೋದು ನನಗೆ ಬೇಡ. ಏಜೆಂಟರು ಇಎಸ್‌ಜಿ ಫಂಡ್ ತಗೋಳಿ, ರಿಸ್ಕ್ ಕಡಿಮೆ, ಲಾಭ ಜಾಸ್ತಿ ಅಂತಾರೆ. ಖರೇನಾ?
– ಓದುಗರೊಬ್ಬರು, ನಿಪ್ಪಾಣಿ, ಬೆಳಗಾವಿ ಜಿಲ್ಲೆ

ಉತ್ತರ: ಅರ್ಧ ಖರೆ ರೀ. ಇಎಸ್‌ಜಿ ಅಂದ್ರೆ ಕಂಪನಿಯ ಲಾಭದ ಜೊತೆಗೆ ಪರಿಸರ, ಕೆಲಸಗಾರರು, ಆಡಳಿತ ಇವನ್ನೂ ನೋಡಿ ದುಡ್ಡು ಹಾಕೋದು. ಇದರಿಂದ ಒಂದು ಬಗೆಯ ರಿಸ್ಕ್ ಕಡಿಮೆ ಆಗಬಹುದು: ಮೋಸ, ಮಾಲಿನ್ಯ, ಕೋರ್ಟು ದಂಡ. 2009ರ ಜನವರಿಯಲ್ಲಿ ಸತ್ಯಂ ಅನ್ನೋ ಐಟಿ ಕಂಪನಿಯ ಲೆಕ್ಕದ ಮೋಸ ಹೊರಬಿದ್ದಾಗ ಅದರ ಶೇರು ಒಂದೇ ದಿನದಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಆದರೆ ಅದೇ ಕಂಪನಿಗೆ ಹಿಂದಿನ ವರ್ಷ ಒಳ್ಳೆಯ ಆಡಳಿತದ ಪ್ರಶಸ್ತಿ ಸಿಕ್ಕಿತ್ತು! ಹಾಗಾಗಿ ಅಂಕ, ರೇಟಿಂಗ್ ನೋಡಿ ಕಣ್ಣು ಮುಚ್ಚಿಕೊಂಡು ನಂಬಬೇಡಿ.

ಮಾರ್ಕೆಟ್ಟೇ ಬಿದ್ದರೆ ಈ ಫಂಡೂ ಬೀಳುತ್ತೆ. ಇವು ಥೀಮ್ಯಾಟಿಕ್ (ಒಂದೇ ವಿಷಯ ಹಿಡಿದು ಶೇರು ಆರಿಸುವ) ಫಂಡುಗಳು, ಕೆಲವು ವಲಯಗಳನ್ನು ಬಿಟ್ಟಿರೋದರಿಂದ ಉಳಿದದ್ದರ ಮೇಲೆ ಭಾರ ಜಾಸ್ತಿ. ನಮ್ಮಲ್ಲಿ ಹಲವು ಇಎಸ್‌ಜಿ ಫಂಡುಗಳಲ್ಲಿ ಐಟಿ ಶೇರು ಜಾಸ್ತಿ. ಐಟಿ ಏರಿದಾಗ ಚೆನ್ನಾಗಿ ಕಂಡವು. 2022ರಲ್ಲಿ ಉಕ್ರೇನ್ ಯುದ್ಧದಿಂದ, ಇವು ಹೆಚ್ಚಾಗಿ ದೂರ ಇಡುವ ಎಣ್ಣೆ, ಕಲ್ಲಿದ್ದಲಿನ ಬೆಲೆ ಏರಿ, ಐಟಿ ಶೇರು ಇಳಿದಾಗ ಇಂಥ ಫಂಡುಗಳಿಗೆ ಹೊಡೆತ ಬಿತ್ತು. ಏಜೆಂಟರು ತೋರಿಸಿದ ಲಾಭ ಯಾವ ವರ್ಷಗಳದ್ದು ಅಂತ ಕೇಳಿ. ಲಾಭ ಜಾಸ್ತಿನೇ ಬರುತ್ತೆ ಅಂತ ಯಾರೂ ಖಾತ್ರಿ ಕೊಡೋಕೆ ಆಗಲ್ಲ.

ನಿಮಗೆ ಮುಖ್ಯವಾದ ಮಾತು ಇದು. ಇಎಸ್‌ಜಿ ಅಂತ ಹೆಸರಿದ್ದ ಮಾತ್ರಕ್ಕೆ ತಂಬಾಕು ಇರಲ್ಲ ಅಂತಲ್ಲ. ಸಿಗರೇಟು ಮಾರುವ ಐಟಿಸಿಗೇ ಎಮ್‌ಎಸ್‌ಸಿಐ ಅನ್ನೋ ರೇಟಿಂಗ್ ಸಂಸ್ಥೆಯಿಂದ 'ಎಎ' ಅನ್ನೋ ಒಳ್ಳೆಯ ಇಎಸ್‌ಜಿ ರೇಟಿಂಗ್ ಸಿಕ್ಕಿದೆ, ಯಾಕಂದ್ರೆ ಆ ರೇಟಿಂಗಿನಲ್ಲಿ ನೀರು, ಕಾಡು, ಆಡಳಿತಕ್ಕೆಲ್ಲ ಅಂಕ ಇದೆ. 50 ದೊಡ್ಡ ಕಂಪನಿಗಳ ಪಟ್ಟಿಯನ್ನೇ ಅನುಸರಿಸುವ ಸಾದಾ ನಿಫ್ಟಿ 50 ಇಂಡೆಕ್ಸ್ ಫಂಡಿಗೆ ದುಡ್ಡು ಹಾಕಿದರೂ ಅದರಲ್ಲಿ ಐಟಿಸಿ ಇದ್ದೇ ಇದೆ. 2023ರಲ್ಲಿ ಶೇರು ಮಾರ್ಕೆಟ್ಟಿನ ನಿಯಂತ್ರಕ ಸೆಬಿ ತಂದ ನಿಯಮದಂತೆ ಇಎಸ್‌ಜಿ ಫಂಡ್ ತನ್ನ ವಿಧಾನವನ್ನು ಹೆಸರಲ್ಲೇ ಹೇಳಬೇಕು. 'ಎಕ್ಸ್‌ಕ್ಲೂಷನರಿ' ಅಂತ ಇದ್ದರೆ ಕೆಲವು ಧಂದೆಗಳನ್ನು ಬಿಡ್ತಾರೆ, 'ಬೆಸ್ಟ್ ಇನ್ ಕ್ಲಾಸ್' ಅಂದ್ರೆ ಪ್ರತಿ ವಲಯದಲ್ಲೂ ಇದ್ದುದರಲ್ಲಿ ಉತ್ತಮವಾದದ್ದನ್ನು ಆರಿಸ್ತಾರೆ, ಅದು ನಿಮಗೆ ಆಗಲ್ಲ. ನಿಫ್ಟಿ100 ಇಎಸ್‌ಜಿ ಸೂಚ್ಯಂಕದಲ್ಲಿ ತಂಬಾಕು, ಹೆಂಡ, ಜೂಜಿಗೆ ಜಾಗವೇ ಇಲ್ಲ. ಅದನ್ನೇ ಅನುಸರಿಸುವ ಫಂಡ್ ಇದೆಯಾ ಅಂತ ವಿಚಾರಿಸಿ, ಏಜೆಂಟರಿಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್‌ನಲ್ಲಿ ಖರ್ಚೂ ಕಡಿಮೆ.

ಹಳೆಯ ಫಂಡನ್ನು ಒಂದೇ ಏಟಿಗೆ ಮಾರಬೇಡಿ, ಎಕ್ಸಿಟ್ ಲೋಡ್ (ಬೇಗ ಮಾರಿದರೆ ಹಿಡಿಯುವ ಶುಲ್ಕ) ಮತ್ತು ತೆರಿಗೆ ನೋಡಿಕೊಳ್ಳಿ. ಹೊಸ ಕಂತನ್ನು ಮೊದಲು ಈ ಕಡೆ ತಿರುಗಿಸಿ. ಫಂಡಿನ ವೆಬ್‌ಸೈಟಿನಲ್ಲಿ ಪ್ರತಿ ತಿಂಗಳು ಶೇರುಗಳ ಪಟ್ಟಿ ಹಾಕ್ತಾರೆ, ಹೆಸರುಗಳನ್ನು ನೀವೇ ಓದಿ.