ಬೋರ್ಡಿನ ತಪ್ಪು ಹೇಳಿದ ಹುಡುಗ

(ಹೆಸರು, ಊರು, ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.)

ಮಂಜು ಐದನೇ ಸೆಮ್ ಇಂಜಿನಿಯರಿಂಗ್ ಹುಡುಗ. ಮೂರು ವಾರದಿಂದ ಕ್ಲಾಸಿಗೆ ಹೋಗಿರಲಿಲ್ಲ. ರಾತ್ರಿ ನಿದ್ದೆ ಇಲ್ಲ, ಊಟ ಸೇರೋದಿಲ್ಲ. ಅವನ ಅಕ್ಕ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದಿದ್ದಳು.

ಆಗಿದ್ದು ಇಷ್ಟು. ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಸರ್ಕ್ಯೂಟ್ ಲೆಕ್ಕದಲ್ಲಿ ಒಂದು ಮೈನಸ್ ಬಿಟ್ಟುಹೋಗಿತ್ತು. ಇವನು ಕೈ ಎತ್ತಿ ಹೇಳಿದ. ಕ್ಲಾಸು ನಕ್ಕಿತು. ಮರುದಿನದಿಂದ 'ಮಂಜು ಸರ್ ಬಂದ್ರಾ? ಪಾಠ ಶುರು ಮಾಡಬಹುದಾ?' ಅಂತ ಮೇಷ್ಟ್ರು ದಿನಾ ಹಂಗಿಸೋದು. ಲ್ಯಾಬ್ ರೆಕಾರ್ಡನ್ನು ಮೂರು ಸಲ ಸೈನ್ ಹಾಕದೆ ವಾಪಸ್ ಕೊಟ್ಟರು. ಒಮ್ಮೆ ಮಾರ್ಜಿನ್ ಸರಿಯಿಲ್ಲ, ಒಮ್ಮೆ ಪೆನ್ಸಿಲ್ ಮಸುಕು. ಮೊದಲ ಇಂಟರ್ನಲ್ಸ್‌ನಲ್ಲಿ (ಕಾಲೇಜೇ ನಡೆಸುವ ಟೆಸ್ಟ್) 25ಕ್ಕೆ 21 ತೆಗೆದವನಿಗೆ ಎರಡನೆಯದರಲ್ಲಿ 8. ಅವನ ವಿಶ್ವವಿದ್ಯಾಲಯದಲ್ಲಿ ಇಂಟರ್ನಲ್ಸ್‌ನಲ್ಲಿ ಕನಿಷ್ಠ ಅಂಕ ಬರದಿದ್ದರೆ ಸೆಮ್ ಪರೀಕ್ಷೆಗೇ ಕೂರುವಂತಿಲ್ಲ. ಆ ಮೇಷ್ಟ್ರಿಗೂ ಅದು ಚೆನ್ನಾಗಿ ಗೊತ್ತು.

ಸಾಯೋ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಎಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಅನ್ನು ಅಕ್ಕ ತಮ್ಮ ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ.

ಅವನು ನಾಲ್ಕು ಪುಟದ ದೂರು ಬರೆದುಕೊಂಡು ಬಂದಿದ್ದ. ಅದರಲ್ಲಿ 'ಸೇಡು' ಅನ್ನೋ ಪದ ಏಳು ಸಲ ಇತ್ತು. ಒಂದು ಹಾಳೆಯ ನಡುವೆ ಗೆರೆ ಎಳೆದು ಕೊಟ್ಟೆ. ಎಡಕ್ಕೆ ಕಾಗದದಲ್ಲಿ ತೋರಿಸಬಹುದಾದದ್ದು, ಬಲಕ್ಕೆ ಮನಸ್ಸಿಗೆ ನೋವಾದದ್ದು. ಬಲಭಾಗ ತುಂಬಿ ಹಿಂದಿನ ಪುಟಕ್ಕೂ ಹೋಯಿತು. ಎಡಕ್ಕೆ ನಾಲ್ಕೇ ಸಾಲು. ಆದರೆ ಆ ನಾಲ್ಕು ಸಾಲು ಗಟ್ಟಿ ಇದ್ದವು. ಅವನ ಬ್ಲೂ ಬುಕ್‌ನಲ್ಲಿ (ಇಂಟರ್ನಲ್ಸ್ ಉತ್ತರ ಬರೆಯುವ ಪುಸ್ತಕ) 10 ಅಂಕದ ಲೆಕ್ಕಕ್ಕೆ 2 ಕೊಟ್ಟಿದ್ದರು. ಅದೇ ಹೆಜ್ಜೆ, ಅದೇ ಉತ್ತರ ಬರೆದ ಗೆಳೆಯನಿಗೆ 7. ಇವನದರಲ್ಲಿ ಮೊದಲು ಕೆಂಪು ಇಂಕಲ್ಲಿ 7 ಅಂತಲೇ ಇತ್ತು, ಅದನ್ನು ಹೊಡೆದು 2 ಮಾಡಿದ್ದರು. ಫೋಟೋದಲ್ಲಿ ಗೀಟಿನ ಕೆಳಗೆ ಆ 7 ಸ್ಪಷ್ಟವಾಗಿ ಕಾಣುತ್ತಿತ್ತು.

ದೂರಿನಲ್ಲಿ ಎಡಭಾಗ ಮಾತ್ರ ಇರಲಿ, ಬಲಭಾಗವನ್ನು ನಾವಿಲ್ಲಿ ಕೂತು ಮಾತಾಡೋಣ ಅಂದೆ. ಅವನಿಗೆ ಮೊದಲು ಸಿಟ್ಟು ಬಂತು. 'ಅವರು ಕ್ಷಮೆ ಕೇಳೋದು ಬೇಡ್ವಾ ಮೇಡಂ?' ಬೇಕು. ಆದರೆ ಕ್ಷಮೆ ಕೇಳಿಸೋಕೆ ಹೋದರೆ ಅಂಕದ ವಿಷಯ ಮೂಲೆಗೆ ಬೀಳುತ್ತೆ. 'ಹುಡುಗ ಸ್ವಲ್ಪ ಸೆನ್ಸಿಟಿವ್' ಅಂತ ಹೇಳಿ ಫೈಲ್ ಮುಚ್ಚಿದ್ದನ್ನು ನಾನೇ ನೋಡಿದ್ದೇನೆ.

ಕೊನೆಗೆ ಪತ್ರ ಅರ್ಧ ಪುಟಕ್ಕೆ ಇಳಿಯಿತು. ಕೇಳಿದ್ದು ಒಂದೇ: ವ್ಯಾಲ್ಯುಯೇಷನ್ ಸ್ಕೀಮ್ (ಯಾವ ಹೆಜ್ಜೆಗೆ ಎಷ್ಟು ಅಂಕ ಅನ್ನೋ ಪಟ್ಟಿ) ಇಟ್ಟುಕೊಂಡು ಬೇರೆ ಅಧ್ಯಾಪಕರಿಂದ ಮತ್ತೆ ತಿದ್ದಿಸಿ. ಮೊದಲು ವಿಭಾಗದ ಮುಖ್ಯಸ್ಥರಿಗೆ, ಅಂದರೆ ಎಚ್‌ಒಡಿಗೆ, ಉತ್ತರ ಬರದಿದ್ದರೆ ಪ್ರಿನ್ಸಿಪಾಲರಿಗೆ. ಒಬ್ಬನೇ ಹೋಗಬೇಡ, ನಿನ್ನ ಪ್ರತಿಗೆ ಪತ್ರ ತಲುಪಿದೆ ಅನ್ನೋ ಇನ್‌ವರ್ಡ್ ಸೀಲ್ ಹಾಕಿಸದೆ ಬರಬೇಡ, ಇನ್‌ಸ್ಟಾದಲ್ಲಿ ಹಾಕೋ ಆಸೆ ಸದ್ಯಕ್ಕೆ ಬಿಡು ಅಂದೆ. ಅಲ್ಲೂ ಆಗದಿದ್ದರೆ ವಿದ್ಯಾರ್ಥಿಗಳ ದೂರುಗಳ ಬಗ್ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ನಿಯಮ ಇದೆ. ಮೌಲ್ಯಮಾಪನದಲ್ಲಿ ಪಾರದರ್ಶಕತೆ ಇಲ್ಲದಿರುವುದನ್ನೂ ಅನ್ಯಾಯವನ್ನೂ ಅದು ದೂರು ಅಂತಲೇ ಒಪ್ಪುತ್ತದೆ. ಕಾಲೇಜಿನ ದೂರು ಸಮಿತಿ ಆದಷ್ಟು ಮಟ್ಟಿಗೆ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದೂ ಸಮಾಧಾನ ತರದಿದ್ದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಹತ್ತಿರ ಹೋಗಬಹುದು. ಮಂಜು ಇದನ್ನು ಕೇಳಿಯೇ ಇರಲಿಲ್ಲ. ಅವನ ಎಚ್‌ಒಡಿ ಕೂಡ ಕೇಳಿರಲಿಲ್ಲ ಅಂತ ಆಮೇಲೆ ತಿಳಿಯಿತು!

ಎಚ್‌ಒಡಿ ಹತ್ತಿರವೇ ಮುಗಿಯಿತು. 8 ಇದ್ದದ್ದು 15 ಆಯಿತು. ಒಂದು ಪ್ರಶ್ನೆಗೆ ನಿಜವಾಗಿಯೂ ತಪ್ಪು ಬರೆದಿದ್ದ, ಅದನ್ನು ಅವನೇ ಒಪ್ಪಿಕೊಂಡ. ಕ್ಷಮೆ ಬರಲಿಲ್ಲ. ರೆಕಾರ್ಡಿಗೆ ಮೇಷ್ಟ್ರು ಮಾತಾಡದೆ ಸೈನ್ ಹಾಕಿ ಮೇಜಿನ ಮೇಲೆ ಜಾರಿಸಿದರಂತೆ.

ಹೋದ ವಾರ ಫೋನ್ ಮಾಡಿದ್ದ. 'ಮುಂದಿನ ಸೆಮ್‌ಗೂ ಅವರೇ ಅಂತೆ ಮೇಡಂ.' ಎಲ್ಲಿ ಕೂರ್ತೀಯಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎರಡನೇ ಬೆಂಚು' ಅಂದ. ಪ್ರತಿ ಬ್ಲೂ ಬುಕ್ ಕೈಗೆ ಬಂದ ದಿನವೇ ಫೋಟೋ ತೆಗೆದಿಡು ಅಂತ ಹೇಳಿದೆ.